ಮಲೆನಾಡಿನ ಬೈಕಿಗೆ ಯಾವ ಚೈನ್ ಸೆಟ್?

ನಮ್ಮ ಕೊಟ್ಟಿಗೆ ಪಕ್ಕದ ಮಾಡಿನಡಿ ಎರಡು ಬೈಕು ನಿಲ್ಲುತ್ತವೆ. ಒಂದು ನನ್ನದು, 200 ಸಿಸಿ, ಚೈನ್ ಪೂರ್ತಿ ಬಯಲಿಗೆ. ಇನ್ನೊಂದು ಭಾವನದು, 100 ಸಿಸಿ, ಚೈನಿಗೆ ಸುತ್ತಲೂ ತಗಡಿನ ಕವರ್. ಇಬ್ಬರೂ ಓಡಾಡುವ ದಾರಿ ಒಂದೇ: ತೋಟದ ಮಣ್ಣು ರಸ್ತೆ, ಅಲ್ಲಿಂದ ತೀರ್ಥಹಳ್ಳಿ, ವಾರಕ್ಕೊಮ್ಮೆ ಶಿವಮೊಗ್ಗ. ಭಾವ ಚೈನ್ ಕಡೆ ತಿರುಗಿಯೂ ನೋಡುವವರಲ್ಲ. ನಾನು ವಾರ ವಾರ ಬ್ರಷ್ ಹಿಡಿದು ಕೂರುವವನು. ಆದರೂ ನನ್ನ ಗಾಡಿಗೆ ಹಾಕಿಸಿದ ಸಾದಾ ಸೆಟ್ (ಚೈನು, ಜತೆಗೆ ಅದು ಸುತ್ತುವ ಹಲ್ಲಿನ ಚಕ್ರ ಅಂದರೆ ಸ್ಪ್ರಾಕೆಟ್, ಮುಂದೊಂದು ಹಿಂದೊಂದು) ಎರಡನೇ ಮಳೆಗಾಲ ದಾಟಲಿಲ್ಲ. ಭಾವನದು ಆರಾಮಾಗಿ ಮೂರು ದಾಟಿತು.

"ನಿನ್ನ ಚೈನು ದಿನಾ ಕೆಸರಲ್ಲಿ ಮೀಯತ್ತೆ ಮಾರಾಯ. ನಂದು ಮನೆ ಒಳಗೆ ಕೂತಿದೆ" ಅಂದರು ಭಾವ. ಆಗ ಸಿಟ್ಟು ಬಂದಿತ್ತು. ಆಮೇಲೆ ಯೋಚಿಸಿದರೆ ಅವರು ಹೇಳಿದ್ದೇ ಸರಿ. ನಮ್ಮ ಕಡೆ ಚೈನಿನ ವಯಸ್ಸನ್ನು ಮಳೆಗಾಲದ ಲೆಕ್ಕದಲ್ಲಿ ಎಣಿಸಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಜಾಸ್ತಿ ಮಳೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲುಭಾಗವೂ ಬೀಳುವುದಿಲ್ಲ. ಹಾಗಾಗಿ ಪೇಟೆಯ ಗೆಳೆಯ "ನಂಗೆ ಇದೇ ಚೈನ್ ಇಪ್ಪತ್ತು ಸಾವಿರ ಬಂತು" ಅಂದರೆ ಅದನ್ನು ನಂಬಿ ಹಳ್ಳಿಯವರು ದುಡ್ಡು ಹಾಕಬೇಡಿ. ಅವನು ಸುಳ್ಳು ಹೇಳುತ್ತಿಲ್ಲ, ಅವನ ರಸ್ತೆ ಬೇರೆ ಅಷ್ಟೆ.

ಚೈನ್ ಸವೆಯುವುದು ಎಲ್ಲಿ

ಚೈನ್ "ಉದ್ದ ಆಯ್ತು" ಅಂತೀವಲ್ಲ, ಅದು ಪ್ಲೇಟು ಎಳೆದು ಹಿಗ್ಗಿ ಆಗುವುದಲ್ಲ. ಪ್ರತಿ ಲಿಂಕ್ ಒಳಗೆ ಒಂದು ಪಿನ್ನು, ಅದರ ಸುತ್ತ ಒಂದು ಬುಶ್, ಅಂದರೆ ಸಣ್ಣ ಉಕ್ಕಿನ ಕೊಳವೆ ಇದೆ. ಇವೆರಡೂ ಉಜ್ಜಿ ಉಜ್ಜಿ ಸವೆದು ನಡುವೆ ಸಂದು ಬೀಳುತ್ತದೆ. ಒಂದು ಲಿಂಕಿಗೆ 0.1 ಮಿ.ಮೀ. ಸಂದು ಅಂದರೆ ಏನೂ ಅಲ್ಲ ಅನ್ನಿಸುತ್ತದೆ. ಆದರೆ 120 ಲಿಂಕಿಗೆ ಅದು 12 ಮಿ.ಮೀ. ಆಯಿತು, ಹೆಚ್ಚುಕಡಿಮೆ ಒಂದು ಇಡೀ ಲಿಂಕಿನಷ್ಟು.

ಈ ಸಂದಿಗೆ ನೀರು ಹೋದರೆ ಗ್ರೀಸ್ ತೊಳೆದುಹೋಗುತ್ತದೆ, ತುಕ್ಕು ಹಿಡಿಯುತ್ತದೆ. ನಮ್ಮ ಜಂಬಿಟ್ಟಿಗೆ ಮಣ್ಣಿನ ಸಣ್ಣ ಹರಳು ಎಣ್ಣೆ ಜತೆ ಸೇರಿಬಿಟ್ಟರಂತೂ ಅದು ಉಪ್ಪುಕಾಗದದ ಕೆಲಸ ಮಾಡುತ್ತದೆ. ಯಾವ ಚೈನ್ ತಗೊಳ್ಳಬೇಕು ಅನ್ನುವ ಪ್ರಶ್ನೆಗೆಲ್ಲ ಮೂಲ ಇದೇ: ಆ ಸಂದಿಗೆ ನೀರು, ಮಣ್ಣು ಹೋಗದಂತೆ ತಡೆಯುವುದು ಯಾವುದು?

ಸಾದಾ, ಬಂಗಾರದ ಬಣ್ಣ, ರಿಂಗ್

ಅಂಗಡಿಯಲ್ಲಿ ಕೇಳಿದರೆ ಮೂರು ಬಗೆಯದನ್ನು ತೆಗೆದು ಕೌಂಟರ್ ಮೇಲಿಡುತ್ತಾರೆ.

ಮೊದಲನೆಯದು ಸಾದಾ ಚೈನ್. ರಿಂಗ್ ಇಲ್ಲ. ಪಿನ್ನು ಬುಶ್ ನಡುವೆ ಎಣ್ಣೆ ಇರಬೇಕೆಂದರೆ ಹೊರಗಿಂದ ನಾವೇ ಹಾಕುತ್ತಿರಬೇಕು. 100–125 ಸಿಸಿ ಗಾಡಿಗಳಲ್ಲಿ ಬರುವುದು ಬಹುತೇಕ ಇದೇ. ಬೆಲೆ ಕಡಿಮೆ, ಯಾವ ಊರಲ್ಲೂ ಸಿಗುತ್ತದೆ, ಯಾರು ಬೇಕಾದರೂ ಹಾಕಿಕೊಡುತ್ತಾರೆ.

ಎರಡನೆಯದು ಬಂಗಾರದ ಬಣ್ಣದ್ದು. ಕೆಲವರು ಇದನ್ನು ಬ್ರಾಸ್ ಸೆಟ್ ಅಂತಲೇ ಕೇಳಿ ತಗೊಳ್ಳುತ್ತಾರೆ. ಚೈನ್ ಹಿತ್ತಾಳೆಯದಲ್ಲ, ಉಕ್ಕಿನದೇ. ಹೊರಗಿನ ಪ್ಲೇಟಿಗೆ ಮಾತ್ರ ಲೇಪ. ಪ್ಲೇಟಿನ ಮೇಲೆ ಬೇಗ ತುಕ್ಕು ಕಾಣಿಸುವುದಿಲ್ಲ, ನೋಡಲು ಚಂದ. ಆದರೆ ಚೈನ್ ಸಾಯುವುದು ಪ್ಲೇಟಿನ ಮೇಲಿನ ತುಕ್ಕಿನಿಂದ ಅಲ್ವಲ್ಲ? ಒಳಗಿನ ಸಂದಿಗೆ ಈ ಬಣ್ಣದಿಂದ ಏನೂ ಉಪಯೋಗವಿಲ್ಲ. ರಿಂಗ್ ಇದ್ದು ಬಂಗಾರದ ಬಣ್ಣವೂ ಇದ್ದರೆ ಸಂತೋಷ. ಬರೀ ಬಣ್ಣಕ್ಕೆ ಜಾಸ್ತಿ ಕೇಳಿದರೆ ನಾನಂತೂ ಕೊಡುವುದಿಲ್ಲ.

ಮೂರನೆಯದು ರಿಂಗ್ ಚೈನ್. ಒಳಪ್ಲೇಟು ಹೊರಪ್ಲೇಟಿನ ನಡುವೆ ಸಣ್ಣ ರಬ್ಬರ್ ಬಳೆ ಇರುತ್ತದೆ. ಫ್ಯಾಕ್ಟರಿಯಲ್ಲೇ ತುಂಬಿದ ಗ್ರೀಸ್ ಹೊರಗೆ ಬರದಂತೆ, ನೀರು ಒಳಗೆ ಹೋಗದಂತೆ ತಡೆಯುವುದು ಈ ಬಳೆ. ಅದನ್ನು ಕೊಯ್ದು ನೋಡಿದರೆ ಗುಂಡಗಿದ್ದರೆ ಓ ರಿಂಗ್, ನಾಲ್ಕು ಅಂಚು ಇದ್ದರೆ ಎಕ್ಸ್ ರಿಂಗ್. ನಾಲ್ಕು ಅಂಚಿನದು ಪ್ಲೇಟಿಗೆ ಕಡಿಮೆ ಉಜ್ಜುತ್ತದೆ, ಗ್ರೀಸನ್ನು ಇನ್ನೂ ಗಟ್ಟಿಯಾಗಿ ಹಿಡಿದಿಡುತ್ತದೆ. ಅದಕ್ಕೇ ಬೆಲೆಯೂ ಜಾಸ್ತಿ. ಸಾದಾ ಸೆಟ್ಟಿಗೆ ಹೋಲಿಸಿದರೆ ರಿಂಗ್ ಸೆಟ್ಟಿಗೆ ಎರಡು ಪಟ್ಟು, ಕೆಲವು ಗಾಡಿಗೆ ಮೂರು ಪಟ್ಟು ಬೀಳುತ್ತದೆ.

ಹಾಗಾದರೆ ಯಾರಿಗೆ ಯಾವುದು?

ಚೈನ್ ಬಯಲಿಗಿದ್ದು ನೀವು ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯವರಾದರೆ ರಿಂಗ್ ಚೈನೇ ಹಾಕಿಸಿ. ಎರಡು ಪಟ್ಟು ದುಡ್ಡು ಹೋಯಿತು ಅಂತ ಮೊದಲ ದಿನ ಹೊಟ್ಟೆ ಉರಿಯುತ್ತದೆ, ನಿಜ. ನನಗೂ ಉರಿದಿತ್ತು. ಆದರೆ ಸಾದಾ ಸೆಟ್ ಹೋದ ಮೇಲೆ ಹಾಕಿದ ಓ ರಿಂಗ್ ಸೆಟ್ ಈಗ ಮೂರು ಮಳೆಗಾಲ ಕಂಡಿದೆ, ಚೈನ್ ಬಿಗಿ ಮಾಡುವ ಅಡ್ಜಸ್ಟರಿನ ಗುರುತು ಇನ್ನೂ ಅರ್ಧಕ್ಕೂ ಬಂದಿಲ್ಲ. ಓ ರಿಂಗೋ ಎಕ್ಸ್ ರಿಂಗೋ ಅನ್ನುವುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಗಾಡಿಗೆ ಕಂಪನಿ ಏನು ಕೊಟ್ಟಿದೆಯೋ ಅದಕ್ಕಿಂತ ಕೆಳಗೆ ಇಳಿಯಬೇಡಿ, ಸಾಕು.

ಪೂರ್ತಿ ಕವರ್ ಇರುವ ಗಾಡಿಯಾದರೆ ಒಳ್ಳೆಯ ಕಂಪನಿಯ ಸಾದಾ ಸೆಟ್ಟೇ ಧಾರಾಳ. ಕವರ್ ಒಳಗಿನ ಚೈನಿಗೆ ರಿಂಗ್ ಹಾಕಿಸುವುದು ಛತ್ರಿ ಹಿಡಿದು ಮನೆಯೊಳಗೆ ಕೂತ ಹಾಗೆ. ಇನ್ನೊಂದು ತೊಡಕೂ ಇದೆ. ರಿಂಗ್ ಚೈನಿನ ಪಿನ್ನು ಸ್ವಲ್ಪ ಉದ್ದ, ಚೈನಿನ ಅಗಲ ಜಾಸ್ತಿ. ಇಕ್ಕಟ್ಟಾದ ಕವರಿಗೋ ಇಂಜಿನ್ ಕೇಸಿಗೋ ತಾಗಬಹುದು. ಆದರೆ ಆ ಕವರನ್ನು ಆಗಾಗ ಬಿಚ್ಚಿ ನೋಡಿ. ಸಂದಿನ ರಬ್ಬರ್ ಹರಿದಿದ್ದರೆ ನೀರು ಒಳಗೆ ಹೋಗಿ ಅಲ್ಲೇ ನಿಲ್ಲುತ್ತದೆ. ಒಣಗಲು ಗಾಳಿಯೂ ಇಲ್ಲ. ಭಾವನ ಗಾಡಿಯ ಕವರ್ ಹೋದ ವರ್ಷ ಬಿಚ್ಚಿದಾಗ ಅಡಿಯಲ್ಲಿ ಒಂದು ಬೊಗಸೆ ಕಪ್ಪು ರಾಡಿ, ಮೇಲೆ ಎರಡು ಕೊಳೆತ ಎಲೆ.

ಕವರ್ ಹಳೆಯದಾಯಿತು, ಸದ್ದು ಬರುತ್ತದೆ ಅಂತ ಕಿತ್ತು ಅಟ್ಟಕ್ಕೆ ಎಸೆಯುವವರೂ ಇದ್ದಾರೆ. ದಯವಿಟ್ಟು ಬೇಡ.

ಪೆಟ್ಟಿಗೆ ಮೇಲಿನ ನಂಬರ್

428, 520 ಅಂತ ಇರುತ್ತದಲ್ಲ, ಅದು ಅಳತೆ. ಮೊದಲ ಅಂಕಿ ಒಂದು ಪಿನ್ನಿಂದ ಮುಂದಿನ ಪಿನ್ನಿಗೆ ಎಷ್ಟು ದೂರ ಅಂತ ಹೇಳುತ್ತದೆ, ಇಂಚಿನ ಎಂಟನೇ ಭಾಗದ ಲೆಕ್ಕದಲ್ಲಿ. 4 ಅಂದರೆ ಅರ್ಧ ಇಂಚು, 12.7 ಮಿ.ಮೀ. 5 ಅಂದರೆ 15.875 ಮಿ.ಮೀ. ಕೊನೆಯ ಎರಡು ಅಂಕಿ ಒಳಗಿನ ಅಗಲ. 428ಕ್ಕೆ ಸುಮಾರು 7.9 ಮಿ.ಮೀ., 520ಕ್ಕೆ ಸುಮಾರು 6.4. ವಿಚಿತ್ರ ಅಂದರೆ ಸಣ್ಣ ನಂಬರಿನ 428 ಒಳಗೆ ಅಗಲ ಜಾಸ್ತಿ. ಹಾಗಾಗಿ ಒಂದರ ಸ್ಪ್ರಾಕೆಟ್ ಮೇಲೆ ಇನ್ನೊಂದು ಕೂರುವ ಮಾತೇ ಇಲ್ಲ. ಈ ನಂಬರ್ ಆದ ಮೇಲೆ ಎಚ್ ಅಂತ ಇದ್ದರೆ ಪ್ಲೇಟು ದಪ್ಪ ಅಂತ. ಆಮೇಲಿನ ನಂಬರ್ ಲಿಂಕುಗಳ ಎಣಿಕೆ. ಅಸಲಿ ಚೈನಿನ ಪ್ಲೇಟಿನ ಮೇಲೆ ಕಂಪನಿ ಹೆಸರು, ಅಳತೆ ಅಚ್ಚಾಗಿರುತ್ತದೆ. ಪೆಟ್ಟಿಗೆ ಮಾತ್ರ ನೋಡಿ ತರಬೇಡಿ, ಚೈನ್ ಹೊರಗೆ ತೆಗೆಸಿ ನೋಡಿ.

ಕಂಪನಿ ವಿಷಯದಲ್ಲಿ ನನಗೆ ಹಟ ಇಲ್ಲ. ಕೊಯಮತ್ತೂರಿನ ರೋಲಾನ್, ಚೆನ್ನೈನ ಡೈಮಂಡ್, ಜಪಾನಿನ ಡಿಐಡಿ, ಇವು ಮೂರೂ ಹೆಸರಿರುವ ಚೈನುಗಳು. ಗಾಡಿ ಕಂಪನಿಯ ಹೆಸರಲ್ಲಿ ಶೋರೂಮಲ್ಲಿ ಸಿಗುವ ಸೆಟ್ಟನ್ನೂ ಇಂಥ ಚೈನ್ ಕಂಪನಿಗಳೇ ಮಾಡಿಕೊಡುವುದು. ಹೆಸರೇ ಕೇಳದ ಅಗ್ಗದ ಸೆಟ್ಟಿನ ಮುಖ್ಯ ತೊಂದರೆ ಸ್ಪ್ರಾಕೆಟ್ಟಿನದು. ಹಲ್ಲಿಗೆ ಸರಿಯಾಗಿ ಹದ ಕೊಟ್ಟಿರುವುದಿಲ್ಲ, ಬೇಗ ಕರಗುತ್ತದೆ. ಹಗುರ ಅಂತ ಅಲ್ಯೂಮಿನಿಯಂ ಸ್ಪ್ರಾಕೆಟ್ ಹಾಕಿಸುವವರೂ ಇದ್ದಾರೆ. ರೇಸಿಗೆ ಸರಿ. ತೋಟದ ದಾರಿಗೆ ಉಕ್ಕಿನದೇ ಇರಲಿ.

ಹಳೇ ಬುಲೆಟ್ ಇದ್ದವರಿಗೆ ಒಂದು ಮಾತು. ಹಿಂದೆ ಡ್ರಮ್ ಬ್ರೇಕ್ ಇರುವ ಹಳೇ ಮಾಡೆಲ್‌ಗಳಲ್ಲಿ ಸ್ಪ್ರಾಕೆಟ್ಟೂ ಬ್ರೇಕ್ ಡ್ರಮ್ಮೂ ಒಂದೇ ತುಂಡು. ಹಲ್ಲು ಹೋದರೆ ಡ್ರಮ್ಮೇ ಬದಲಿಸಬೇಕು. ಅಂಥ ಗಾಡಿಯಲ್ಲಿ ಚೈನನ್ನು ತಡ ಮಾಡದೆ ಬದಲಿಸಿದಷ್ಟೂ ಲಾಭ.

ಬರೀ ಚೈನ್ ಹಾಕಿದರೆ ಸಾಲದಾ?

ಇದನ್ನು ಕೇಳದವರೇ ಇಲ್ಲ. ಸಾಲದು. ನನ್ನ ಹಳೇ ಹಿಂದಿನ ಸ್ಪ್ರಾಕೆಟ್ಟನ್ನು ಕೊಟ್ಟಿಗೆ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದೇನೆ, ಕೇಳಿದವರಿಗೆ ತೋರಿಸಲಿಕ್ಕೆ. ಹೊಸದರಲ್ಲಿ ಹಲ್ಲಿನ ಎರಡು ಪಕ್ಕವೂ ಒಂದೇ ಸಮ. ಇದರಲ್ಲಿ ಒಂದು ಪಕ್ಕ ಗುಳಿ ಬಿದ್ದು, ತುದಿ ಬಾಗಿ, ಸೊಪ್ಪು ಕಡಿಯುವ ಕತ್ತಿಯ ಕೊಕ್ಕೆ ಹಾಗೆ ಆಗಿದೆ. ಬೆರಳಲ್ಲಿ ಸವರಿದರೆ ತುದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಇಂಥ ಹಲ್ಲಿನ ಮೇಲೆ ಹೊಸ ಚೈನ್ ಕೂರಿಸಿದರೆ ಅದು ಹಳೆಯದರ ಅಳತೆಗೇ ಬೇಗ ಸವೆಯುತ್ತದೆ. ಮುಂದಿನ ಸಣ್ಣ ಸ್ಪ್ರಾಕೆಟ್ ಜಾಸ್ತಿ ಸುತ್ತುವುದರಿಂದ ಇನ್ನೂ ಮೊದಲೇ ಹೋಗಿರುತ್ತದೆ, ಕವರ್ ಒಳಗಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಮೂರನ್ನೂ ಒಟ್ಟಿಗೆ ಹಾಕಿಸಿ. ಚಕ್ರ ಬಿಚ್ಚಿದಾಗಲೇ ಡ್ರಮ್ ರಬ್ಬರನ್ನೂ (ಹಿಂದಿನ ಸ್ಪ್ರಾಕೆಟ್ಟಿಗೂ ಚಕ್ರಕ್ಕೂ ನಡುವೆ ಏಟು ತಡೆಯುವ ರಬ್ಬರ್) ನೋಡಿಸಿ. ಅದು ಸಡಿಲಾಗಿದ್ದರೆ ಗೇರ್ ಹಾಕಿದಾಗೆಲ್ಲ ಚೈನಿಗೆ ಏಟು.

ಬದಲಿಸುವ ಹೊತ್ತು ಬಂತಾ ಅಂತ ತಿಳಿಯಲು ಹಿಂದಿನ ಸ್ಪ್ರಾಕೆಟ್ಟಿನ ತೀರಾ ಹಿಂತುದಿಯಲ್ಲಿ ಚೈನನ್ನು ಬೆರಳಿಂದ ಹಿಂದಕ್ಕೆ ಎಳೆಯಿರಿ. ಅರ್ಧ ಹಲ್ಲು ಬಯಲಾಗುವಷ್ಟು ಎದ್ದು ಬಂದರೆ ಮುಗಿಯಿತು. ಸ್ಕೇಲ್ ಹಿಡಿದು ಅಳೆಯುವುದು ಇನ್ನೂ ಖಚಿತ. ಚೈನ್ ಬಿಗಿಯಾಗಿ ಎಳೆದುಕೊಂಡಿರುವಾಗ ಇಪ್ಪತ್ತು ಲಿಂಕ್, ಪಿನ್ನಿನ ನಡುವಿಂದ ಪಿನ್ನಿನ ನಡುವಿಗೆ ಅಳೆಯಿರಿ. ಹೊಸ 428 ಆದರೆ 254 ಮಿ.ಮೀ. 259 ಆದರೆ ನೂರಕ್ಕೆ ಎರಡರಷ್ಟು ಸವೆದಿದೆ, ಬದಲಿಸಿ. 520 ಆದರೆ 317.5 ಹೊಸದರ ಅಳತೆ. ರಿಂಗ್ ಚೈನ್ 321 ತಲುಪಿದಾಗಲೇ ನಾನು ಹೊಸದಕ್ಕೆ ದುಡ್ಡು ಎತ್ತಿಡಲು ಶುರು ಮಾಡುತ್ತೇನೆ.

ಹಲ್ಲು ಹೆಚ್ಚುಕಡಿಮೆ ಮಾಡುವ ಆಸೆ

ಘಾಟಿ ಹತ್ತುವವರು, ಹಿಂದೆ ಅಡಿಕೆ ಮೂಟೆ ಕಟ್ಟುವವರು ಮುಂದಿನ ಸ್ಪ್ರಾಕೆಟ್ಟಿಗೆ ಒಂದು ಹಲ್ಲು ಕಡಿಮೆ ಹಾಕಿಸುವುದುಂಟು. ಲೆಕ್ಕ ಸುಲಭ. ಮುಂದೆ 14, ಹಿಂದೆ 42 ಇದ್ದರೆ 42ನ್ನು 14ರಿಂದ ಭಾಗಿಸಿ: 3. ಮುಂದೆ 13 ಹಾಕಿದರೆ 3.23. ಎಳೆಯುವ ಶಕ್ತಿ ಸುಮಾರು ನೂರಕ್ಕೆ ಏಳೆಂಟರಷ್ಟು ಜಾಸ್ತಿ. ಆದರೆ ಮೊದಲು 60ರಲ್ಲಿ ಹೋಗುತ್ತಿದ್ದಾಗ ಇಂಜಿನ್ ಎಷ್ಟು ತಿರುಗುತ್ತಿತ್ತೋ ಈಗ 56ಕ್ಕೇ ಅಷ್ಟು ತಿರುಗುತ್ತದೆ. ಹುಲಿಕಲ್ ಘಾಟಿಯಲ್ಲಿ ಹಿತ, ಶಿವಮೊಗ್ಗದ ನೇರ ರಸ್ತೆಯಲ್ಲಿ ಕಿರಿಕಿರಿ. ಮೇಲಾಗಿ ಸಣ್ಣ ಸ್ಪ್ರಾಕೆಟ್ ಮೇಲೆ ಚೈನ್ ಜಾಸ್ತಿ ಬಾಗಬೇಕು, ಬೇಗ ಸವೆಯುತ್ತದೆ. ನಿತ್ಯ ಮೂಟೆ ಹೊರುವ ಗಾಡಿಗೆ ಮಾತ್ರ ಇದು ಸರಿ ಅನ್ನುವುದು ನನ್ನ ಅಭಿಪ್ರಾಯ. ಉಳಿದವರು ಒಂದು ಗೇರ್ ಇಳಿಸಿದರೆ ಆಯಿತು.

ಒಂದು ಲಾಕ್‌ನ ಕತೆ

ಎಲ್ಲಕ್ಕಿಂತ ಸಣ್ಣ ಸಾಮಾನು ನನಗೆ ಎಲ್ಲಕ್ಕಿಂತ ದೊಡ್ಡ ಪಾಠ ಕಲಿಸಿತು. ಆ ಸಾದಾ ಸೆಟ್ ಹಾಕಿಸಿದ ಹೊಸತು. ಪುಷ್ಯ ಮಳೆ ಹೊಯ್ಯುತ್ತಿತ್ತು. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುತ್ತಿದ್ದೆ. ಹದಿನಾಲ್ಕು ತಿರುವಿನಲ್ಲಿ ಅರ್ಧ ಮುಗಿದಿರಬೇಕು, ಅಷ್ಟರಲ್ಲಿ ಟಣ್ ಅಂತ ಸದ್ದು. ಇಂಜಿನ್ ಕೂಗುತ್ತಿದೆ, ಗಾಡಿ ಮುಂದೆ ಹೋಗುತ್ತಿಲ್ಲ. ಇಳಿದು ನೋಡಿದರೆ ಚೈನ್ ಹತ್ತು ಮಾರು ಹಿಂದೆ ರಸ್ತೆ ಮೇಲೆ ಬಿದ್ದಿದೆ. ಒಂದು ಮಂಗ ಬಂದು ಅದನ್ನು ಮುಟ್ಟಿ, ಕೈ ಮೂಸಿ, ತಿನ್ನುವ ಸಾಮಾನಲ್ಲ ಅಂತ ತೀರ್ಮಾನಿಸಿ ಕಟ್ಟೆ ಮೇಲೆ ಹೋಗಿ ಕೂತಿತು.

ಚೈನಿನ ಎರಡು ತುದಿ ಸೇರಿಸುವ ಲಾಕ್ ಇರುತ್ತದಲ್ಲ, ಅದರ ಕ್ಲಿಪ್ ಹಾರಿಹೋಗಿತ್ತು. ಕ್ಲಿಪ್ಪಿನ ಒಂದು ತುದಿ ಮುಚ್ಚಿರುತ್ತದೆ, ಇನ್ನೊಂದು ಸೀಳಿರುತ್ತದೆ. ಚೈನ್ ಓಡುವ ದಿಕ್ಕಿಗೆ ಮುಚ್ಚಿದ ತುದಿ ಮುಂದಿರಬೇಕು. ವಾರದ ಹಿಂದೆ ಒಂದು ಗ್ಯಾರೇಜಿನಲ್ಲಿ ಹಾಕಿಸಿದ್ದೆ. ಅಲ್ಲಿನ ಹುಡುಗ ತಿರುಗಿಸಿ ಹಾಕಿದ್ದ, ನಾನೂ ನೋಡಿರಲಿಲ್ಲ. ಸೀಳು ಮುಂದಿದ್ದರೆ ಒಂದು ಕಡ್ಡಿ ತಗುಲಿದರೂ ಕ್ಲಿಪ್ ಕಳಚುತ್ತದೆ. ಅಂದು ಚೈನ್ ಹೊರಗೆ ಬಿದ್ದದ್ದು ನನ್ನ ಪುಣ್ಯ. ಮುಂದಿನ ಸ್ಪ್ರಾಕೆಟ್ ಬುಡದಲ್ಲಿ ಮುದ್ದೆಯಾಗಿ ಸಿಕ್ಕಿಕೊಂಡಿದ್ದರೆ ಇಂಜಿನ್ ಕೇಸೇ ಒಡೆಯುತ್ತಿತ್ತು. ಅಡಿಕೆ ಹೇರಿಕೊಂಡು ಬಂದ ಪಿಕಪ್ಪಿನವರು ಮೇಲಿನವರೆಗೆ ಹತ್ತಿಸಿಕೊಂಡು ಹೋದರು.

ಈಗ ಟೂಲ್ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್‌ನಲ್ಲಿ ಸುತ್ತಿದ ಒಂದು ಲಾಕ್ ಯಾವಾಗಲೂ ಇರುತ್ತದೆ. ಸಣ್ಣ ಗಾಡಿಗೆ ಕ್ಲಿಪ್ ಲಾಕ್ ಸಾಕು. ದೊಡ್ಡ ಗಾಡಿಯ ರಿಂಗ್ ಚೈನಿಗೆ ಪಿನ್ನಿನ ತುದಿ ಅರಳಿಸಿ ಕೂರಿಸುವ ರಿವಿಟ್ ಲಾಕೇ ಒಳ್ಳೆಯದು, ಆದರೆ ಅದಕ್ಕೆ ಬೇಕಾದ ಟೂಲ್ ಇರುವ ಕಡೆಯೇ ಹಾಕಿಸಿ. ಸುತ್ತಿಗೆಯಲ್ಲಿ ಬಡಿದು ಕೂರಿಸಿದರೆ ರಿಂಗ್ ಅಪ್ಪಚ್ಚಿಯಾಗಿ ಆ ಒಂದು ಲಿಂಕ್ ಬಿಗಿಯುತ್ತದೆ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಕಡೆ ಹೋದಾಗ ಮೊದಲು "ರಿವಿಟ್ ಟೂಲ್ ಇದ್ಯಾ ಅಣ್ಣ?" ಅಂತ ಕೇಳಿಯೇ ಗಾಡಿ ನಿಲ್ಲಿಸುತ್ತೇನೆ.

ತೊಳೆಯುವುದು, ಎಣ್ಣೆ ಹಾಕುವುದು

ಗಾಡಿಯಡಿ ಒಂದು ಅಡಿಕೆ ಹಾಳೆ ಹಾಸಿ. ಅಂಗಳಕ್ಕೆ ಕಪ್ಪು ಬೀಳುವುದಿಲ್ಲ, ಮನೆಯಲ್ಲಿ ಬೈಗುಳವೂ ಇಲ್ಲ. ಸೀಮೆಎಣ್ಣೆ ಸಿಕ್ಕರೆ ಒಳ್ಳೆಯದು, ಇಲ್ಲವಾದರೆ ಅಂಗಡಿಯ ಚೈನ್ ಕ್ಲೀನರ್. ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ನಾಲ್ಕು ಪಕ್ಕವೂ ತಿಕ್ಕಿ, ಬಟ್ಟೆಯಲ್ಲಿ ಒರೆಸಿ. ರಿಂಗ್ ಚೈನಿಗೆ ಪೆಟ್ರೋಲ್ ಬೇಡ, ತಂತಿ ಬ್ರಷ್ ಬೇಡ. ವಾಟರ್ ಸರ್ವೀಸಿನವರಿಗೆ ಚೈನಿಗೆ ನೇರ ಪೈಪು ಹಿಡಿಯಬೇಡಿ ಅನ್ನಿ. ಆ ಒತ್ತಡಕ್ಕೆ ರಿಂಗ್ ದಾಟಿ ನೀರು ಒಳಗೆ ನುಗ್ಗುತ್ತದೆ. ಚಕ್ರವನ್ನು ಕೈಯಲ್ಲೇ ತಿರುಗಿಸಿ. ಇಂಜಿನ್ ಚಾಲೂ ಇಟ್ಟು ಗೇರ್ ಹಾಕಿ ಬಟ್ಟೆ ಹಿಡಿದು ಬೆರಳು ಕಳೆದುಕೊಂಡವರಿದ್ದಾರೆ.

ಎಣ್ಣೆಗೆ 90 ನಂಬರ್ ಗೇರ್ ಆಯಿಲ್ ಅಥವಾ ಚೈನ್ ಸ್ಪ್ರೇ. ಗೇರ್ ಆಯಿಲ್ ಅಗ್ಗ, ಸಂದಿಗೆ ಚೆನ್ನಾಗಿ ಇಳಿಯುತ್ತದೆ, ಆದರೆ ಮಳೆಗೆ ಬೇಗ ತೊಳೆದು ಹೋಗುತ್ತದೆ, ರಿಮ್ಮಿಗೆಲ್ಲ ಚಿಮ್ಮುತ್ತದೆ. ಸ್ಪ್ರೇ ಅಂಟಿಕೊಂಡಿರುತ್ತದೆ, ಬೇಸಿಗೆಯ ಧೂಳನ್ನೂ ಅಂಟಿಸಿಕೊಳ್ಳುತ್ತದೆ. ಹಾಗಾಗಿ ನಾನು ಮಳೆಗಾಲಕ್ಕೆ ಸ್ಪ್ರೇ, ಬೇಸಿಗೆಗೆ ಗೇರ್ ಆಯಿಲ್. ಗ್ಯಾರೇಜಿನ ಸುಟ್ಟ ಇಂಜಿನ್ ಆಯಿಲ್ ಬೇಡವೇ ಬೇಡ, ಅದರಲ್ಲಿ ಮಸಿ, ಲೋಹದ ಪುಡಿ ಎಲ್ಲ ಇರುತ್ತದೆ. ಕೊಬ್ಬರಿ ಎಣ್ಣೆ ದೋಸೆಗೆ ಇರಲಿ.

ಹಾಕುವ ಹೊತ್ತು ಮುಖ್ಯ. ಓಡಿಸಿ ಬಂದ ಮೇಲೆ ಚೈನ್ ಬೆಚ್ಚಗಿರುವಾಗ, ಕೆಳಗಿನ ಸಾಲಿನ ಒಳಮೈಗೆ, ಪ್ಲೇಟು ಪ್ಲೇಟಿನ ಸಂದಿಗೆ ಹಾಕಿ. ರಾತ್ರಿ ಬಿಡಿ. ಬೆಳಿಗ್ಗೆ ಹೊರಗಿನದನ್ನು ಒರೆಸಿ. ಒಣ ದಿನಗಳಲ್ಲಿ 500 ಕಿ.ಮೀ.ಗೆ ಒಮ್ಮೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆನೆದು ಬಂದ ಪ್ರತಿ ಸಲವೂ ಒರೆಸಿ ಒಂದು ಕೈ ಹಾಕಿದರೆ ಒಳ್ಳೆಯದು. ರಿಂಗ್ ಚೈನಿಗೂ ಇದು ಬೇಕು. ಒಳಗೆ ಗ್ರೀಸ್ ಇದ್ದರೂ ಹೊರಗಿನ ರಬ್ಬರ್ ಒಣಗಬಾರದು, ರೋಲರ್ ತುಕ್ಕು ಹಿಡಿಯಬಾರದು.

ಸಡಿಲ, ಅಂದರೆ ಕೆಳಗಿನ ಸಾಲಿನ ನಡುವೆ ಬೆರಳಿಟ್ಟು ಮೇಲೆ ಕೆಳಗೆ ಆಡಿಸಿದರೆ ಆಡುವ ಅಳತೆ, ಎಷ್ಟಿರಬೇಕು? ಗಾಡಿಯ ಪುಸ್ತಕದಲ್ಲೋ ಹಿಂದಿನ ಫೋರ್ಕ್ ಮೇಲಿನ ಸ್ಟಿಕ್ಕರಿನಲ್ಲೋ ಬರೆದಿರುತ್ತದೆ. ಹೆಚ್ಚಿನವಕ್ಕೆ 20ರಿಂದ 35 ಮಿ.ಮೀ. ಒಳಗೆ. ಚಕ್ರ ತಿರುಗಿಸಿ ನಾಲ್ಕು ಕಡೆ ನೋಡಿ, ಎಲ್ಲಿ ಅತಿ ಬಿಗಿ ಇದೆಯೋ ಅಲ್ಲಿಗೆ ಲೆಕ್ಕ ಹಿಡಿಯಿರಿ. ಹಿಂದೆ ಒಬ್ಬರು ಕೂತು, ಮೇಲೊಂದು ಮೂಟೆ ಇಟ್ಟು, ಹಂಪ್ ಹಾರಿದಾಗ ಚೈನ್ ಇನ್ನೂ ಬಿಗಿಯುತ್ತದೆ. ಮೊದಲೇ ತಂತಿ ಹಾಗೆ ಎಳೆದಿಟ್ಟಿದ್ದರೆ ಗೇರ್ ಬಾಕ್ಸಿನ ಬೇರಿಂಗಿಗೇ ಏಟು. ಎರಡು ಪಕ್ಕದ ಅಡ್ಜಸ್ಟರ್ ಗುರುತು ಸಮ ಇರಲಿ. ಡ್ರಮ್ ಬ್ರೇಕ್ ಆದರೆ ಚಕ್ರ ಹಿಂದೆ ಸರಿದ ಮೇಲೆ ಬ್ರೇಕ್ ರಾಡನ್ನೂ ಸರಿಮಾಡಿಕೊಳ್ಳಿ, ಮರೆಯುವವರು ಬಹಳ ಮಂದಿ.

ಕೊಳ್ಳುವ ತಿಂಗಳು

ಸಾದಾ ಚೈನ್ ಅರ್ಧ ಸವೆದು ಮೇ ತಿಂಗಳಿಗೆ ಬಂದು ನಿಂತಿದ್ದರೆ ಹೊಸದು ಹಾಕಿಸಲು ಅವಸರ ಮಾಡಬೇಡಿ. ಹಲ್ಲು ಕೊಕ್ಕೆಯಾಗಿಲ್ಲ, ಲಿಂಕ್ ಬಿಗಿದಿಲ್ಲ, ಅಳತೆ ಮಿತಿಯೊಳಗಿದೆ ಅಂದರೆ ಆ ಹಳೆಯದೇ ಮಳೆ ತಿನ್ನಲಿ. ಹೊಸದನ್ನು ದೀಪಾವಳಿ ಹೊತ್ತಿಗೆ ಹಾಕಿದರೆ ಏಳು ತಿಂಗಳು ಒಣ ರಸ್ತೆ ಸಿಗುತ್ತದೆ. ಮಿತಿ ಮುಟ್ಟಿದ್ದರೆ ಮಾತ್ರ ಮಳೆಗೆ ಮುಂಚೆಯೇ ಬದಲಿಸಿ, ಘಾಟಿಯಲ್ಲಿ ತಮಾಷೆ ಬೇಡ. ರಿಂಗ್ ಚೈನಿಗೆ ಈ ಲೆಕ್ಕ ಇಲ್ಲ, ಯಾವಾಗ ಬೇಕಾದರೂ ಹಾಕಿಸಿ.

ಹೋದ ತಿಂಗಳು ಭಾವ ಬಂದು "ನಂಗೂ ನಿನ್ನ ಹಾಗೇ ರಿಂಗಿಂದು ತಂದುಕೊಡು" ಅಂದರು. ನಾನು ಸಾದಾ ಸೆಟ್ಟೇ ತಂದೆ. ಉಳಿದ ದುಡ್ಡಲ್ಲಿ ಕವರಿನ ಹೊಸ ರಬ್ಬರ್, ಒಂದು ಲೀಟರ್ ಗೇರ್ ಆಯಿಲ್ ಬಂತು. ಆಯಿಲ್ ಡಬ್ಬ ಇನ್ನೂ ಸೀಲ್ ಒಡೆದಿಲ್ಲ.